ಕಿತ್ತೂರಿಂದ ಸಂಗೊಳ್ಳಿ ರಾಕ್ ಗಾರ್ಡನ್‌ತನಕ: ಮನಿಮಂದಿಯೆಲ್ಲಾ ಒಂದ ದಿನದಾಗ ಹೋಗಿ ಬರೂದು ಹೆಂಗ

ನನ್ನ ಮಗ ದಿನಾ ಚನ್ನಮ್ಮ ಸರ್ಕಲ್ ದಾಟಿ ಸಾಲಿಗೆ ಹೋಗ್ತಾನ. ಒಂದಿನ ಸಿಗ್ನಲ್‌ನ್ಯಾಗ ಗಾಡಿ ನಿಂತಾಗ ಕೇಳಿದ, "ಅವ್ವಾ, ಚನ್ನಮ್ಮ ಕತ್ತಿ ಹಿಡ್ಕೊಂಡ ಎಲ್ಲಿಗೆ ಹೊಂಟಾಳ?" ನನಗ ಥಟ್ಟನ ಉತ್ರಾ ಬರಲಿಲ್ಲ. ಬೆಳಗಾವಿಯೊಳಗ ಹುಟ್ಟಿ ಬೆಳದೀವಿ, ಸರ್ಕಲ್ಲಿಗೆ ಆಕಿ ಹೆಸರು, ಯುನಿವರ್ಸಿಟಿಗೆ ಆಕಿ ಹೆಸರು, ಬೆಂಗಳೂರಿಗೆ ಹೋಗೋ ಟ್ರೇನಿಗೂ ಆಕಿ ಹೆಸರು, ಆದ್ರ ಹುಡುಗ್ರಿಗೆ ಆಕಿ ಕಥಿ ಗೊತ್ತಿಲ್ಲ ಅಂದ್ರ ಅದು ನಮ್ಮ ತಪ್ಪು. ಅವತ್ತ ಠರಾಯಿಸಿದೆ, ಈ ಸಲ ಸೂಟಿಯೊಳಗ ವಾಟರ್ ಪಾರ್ಕ್ ಬ್ಯಾಡ, ಸಂಗೊಳ್ಳಿ ರಾಕ್ ಗಾರ್ಡನ್‌ಗೆ ಹೋಗೂದು ಅಂತ.

ಸಂಗೊಳ್ಳಿ ಅಂದ್ರ ಬೈಲಹೊಂಗಲ ತಾಲೂಕಿನ ಊರು, ಮಲಪ್ರಭಾ ನದಿ ದಂಡಿ ಮ್ಯಾಲೆ, ರಾಯಣ್ಣ ಹುಟ್ಟಿದ ಊರು. ಅಲ್ಲಿ ಸರ್ಕಾರದವರು ರಾಯಣ್ಣನ ಹೆಸರಲೆ ಸೈನಿಕ ಶಾಲಿ ಕಟ್ಟ್ಯಾರ, ಅದರ ಜೋಡಿ ಶೌರ್ಯಭೂಮಿ ಅಂತ ಶಿಲ್ಪವನಾನೂ ಮಾಡ್ಯಾರ, ಇದನ್ನ ಮಂದಿ ರಾಕ್ ಗಾರ್ಡನ್ ಅಂತನ ಕರೀತಾರ, 2024ರ ಜನವರಿಯೊಳಗ ಉದ್ಘಾಟನೆ ಆತು. ಆಳೆತ್ತರದ ಮೂರ್ತಿ ಮಾಡಿ ರಾಯಣ್ಣನ ಬದುಕನ್ನ ಒಂದೊಂದ ಸೀನ್ ಹಂಗ ನಿಲ್ಲಿಸ್ಯಾರ. ಹುಡುಗ್ರಿಗೆ ಭಾಳ ಹಿಡಸ್ತೈತಿ, ಯಾಕಂದ್ರ ಗಾಜಿನ ಪೆಟ್ಟಿಗ್ಯಾಗ ಇಟ್ಟ ಹಳೇ ಸಾಮಾನ ನೋಡಿಧಂಗ ಅಲ್ಲ ಅದು, ಒಳಗ ಹೊಕ್ಕರ ಕಥಿ ನಡುವನ ನಾವು ಅಡ್ಡಾಡಿಧಂಗ ಆಗ್ತೈತಿ.

ಆದ್ರ ಒಂದ ಮಾತು ಮೊದಲ ಹೇಳ್ತೀನಿ. ಮನ್ಯಾಗಿಂದ ಸೀದಾ ಗಾರ್ಡನ್‌ಗೆ ಹೋಗಿ ಇಳೀಬ್ಯಾಡ್ರಿ. ಹಂಗ ಹೋದವ್ರನ್ನ ನಾ ನೋಡೀನಿ, ಹುಡುಗ್ರು ಎಲ್ಲಾ ಮೂರ್ತಿ ಮುಂದ ನಿಂತು ಫೋಟೋ ತಗಸ್ಕೋತಾವು, ಅರ್ಧಾ ತಾಸಿನ್ಯಾಗ "ಐಸ್‌ಕ್ರೀಮ್ ಎಲ್ಲೈತಿ" ಅಂತಾವು, ಮುಗೀತು. ಕಿತ್ತೂರು ಮೊದಲ, ಆಮೇಲೆ ಬೈಲಹೊಂಗಲ, ಕಡೀಗೆ ಸಂಗೊಳ್ಳಿ, ಈ ಕ್ರಮದಾಗ ಹೋಗ್ರಿ. ಕಥಿ ನಡೆದದ್ದೂ ಇದ ಕ್ರಮದಾಗ, ರಸ್ತಾ ಸಿಗೂದೂ ಇದ ಕ್ರಮದಾಗ. ಬೇರೆ ಯಾವ ಪಾರ್ಕಿಗೆ ಹೋದ್ರೂ ಹಿಂಗ ಕೂಡಿ ಬರೂದಿಲ್ಲ.

ಹಿಂದಿನ ರಾತ್ರಿ ಕಥಿ ಹೇಳೂದು

ತಯಾರಿಯೊಳಗ ಇದ ಎಲ್ಲಾಕಿಂತ ದೊಡ್ಡದು, ಬುತ್ತಿ ಕಟ್ಟೂದಕ್ಕಿಂತಾನೂ. ಊಟಾ ಆದಮ್ಯಾಲೆ ಟಿವಿ ಬಂದ್ ಮಾಡಿ ಎಲ್ಲಾರನ್ನೂ ಕುಂದ್ರಿಸಿ ಇಪ್ಪತ್ತ ನಿಮಿಷ ಹೇಳ್ರಿ, ಭಾಳ ಉದ್ದ ಬ್ಯಾಡ. ನಾ ಹೇಳಿದ್ದು ಹಿಂಗ. ಚನ್ನಮ್ಮ ನಮ್ಮ ಕಾಕತಿಯ ಮಗಳು, ಹೈವೇದಾಗ ಕೊಲ್ಹಾಪುರ ಕಡೆ ಹೋಗುವಾಗ ಬರ್ತೈತೆಲ್ಲಾ ಅದ ಕಾಕತಿ. ಕಿತ್ತೂರಿನ ಮಲ್ಲಸರ್ಜ ದೇಸಾಯಿಗೆ ಮದಿವಿ ಆಗಿ ಹೋದ್ಲು. ಗಂಡ ತೀರಿಹೋದ, 1824ರಾಗ ಸವತಿ ಮಗ ಶಿವಲಿಂಗರುದ್ರಸರ್ಜನೂ ತೀರಿಹೋದ, ಶಿವಲಿಂಗಪ್ಪ ಅನ್ನೋ ಹುಡುಗನ್ನ ದತ್ತಕ ತಗೊಂಡ್ರು. ಕಂಪನಿ ಸರ್ಕಾರದವರು ಈ ದತ್ತಕ ನಾವು ಒಪ್ಪೂದಿಲ್ಲ, ಸಂಸ್ಥಾನ ನಮಗ ಸೇರಬೇಕು ಅಂದ್ರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಸೈನ್ಯಾ ತಗೊಂಡ ಕೋಟೆ ಬಾಗಲಿಗೆ ಬಂದ. 1824ರ ಅಕ್ಟೋಬರ್ 23ಕ್ಕ ಕೋಟೆ ಬಾಗಲಾ ತಗದು ಕಿತ್ತೂರಿನವರು ಹೊರಗ ನುಗ್ಗಿದ್ರು, ಥ್ಯಾಕರೆ ಅಲ್ಲೇ ಸತ್ತ, ಆ ಗುಂಡು ಹೊಡದಾಂವ ಅಮಟೂರ ಬಾಳಪ್ಪ ಅಂತ ನಮ್ಮ ಕಡೆ ಎಲ್ಲಾರೂ ಹೇಳ್ತಾರ. ಇಬ್ಬರು ಇಂಗ್ಲಿಷ್ ಅಧಿಕಾರಿಗೋಳನ್ನ ಹಿಡದಿಟ್ಟಿದ್ರು, ಮಾತಿಗೆ ನಂಬಿ ಬಿಟ್ಟ್ರು. ಡಿಸೆಂಬರ್‌ನ್ಯಾಗ ಕಂಪನಿಯವರು ದೊಡ್ಡ ಸೈನ್ಯಾ ತಗೊಂಡ ಮತ್ತ ಬಂದ್ರು, ಕೋಟೆ ಬಿತ್ತು, ರಾಣೀನ ಬೈಲಹೊಂಗಲಕ್ಕ ಒಯ್ದು ಸೆರಿಯೊಳಗ ಇಟ್ಟ್ರು. ಅಲ್ಲೇ 1829ರಾಗ ತೀರಿಕೊಂಡ್ಲು.

ರಾಯಣ್ಣನ ಕಥಿ ಅರ್ಧಾನ ಹೇಳ್ರಿ, ಪೂರ್ತಿ ಹೇಳಬ್ಯಾಡ್ರಿ. "ರಾಣಿ ಸೆರಿಯೊಳಗ ಇದ್ದಾಗ ಆಕಿ ಸೈನಿಕ ಒಬ್ಬಾಂವ ಸುಮ್ಮನ ಕುಂದ್ರಲಿಲ್ಲ, ಅಂವಾ ಏನ ಮಾಡಿದ ಅನ್ನೂದು ನಾಳೆ ನೋಡೂಣ" ಅಂತ ಅಲ್ಲಿಗೆ ನಿಲ್ಲಿಸಿದೆ. ನನ್ನ ಮಗಾ ಮಲಗೂದು ಹನ್ನೊಂದ ಆತು, "ಹೇಳವ್ವಾ, ಹೇಳವ್ವಾ" ಅಂತ ಬೆನ್ನ ಹತ್ತಿದ್ದ. ನಮ್ಮತ್ತಿಯವರೂ ಕೇಳ್ಕೋತ ಕುಂತಿದ್ರು, ನಡುವ ಎರಡ ಸಾಲು ರಾಯಣ್ಣನ ಮ್ಯಾಲಿನ ಲಾವಣಿ ಹಾಡಿದ್ರು, ಅವರಿಗೆ ಅದು ಬರ್ತೈತಿ ಅಂತ ನನಗ ಹನ್ನೆರಡ ವರ್ಷದಾಗ ಗೊತ್ತಿದ್ದಿಲ್ಲ. ನಿಮ್ಮ ಮನ್ಯಾಗ ಹಿರೇರು ಇದ್ರ ಮೊದಲ ಅವರನ್ನ ಕೇಳ್ರಿ, ಗೀಗೀ ಪದಾನೋ ಲಾವಣಿನೋ ಏನರ ಒಂದ ಅವರ ಹತ್ರ ಇದ್ದ ಇರ್ತೈತಿ.

ಯಾವ ದಿನ, ಯಾವಾಗ ಹೊಂಡೂದು

ನವೆಂಬರ್‌ದಿಂದ ಫೆಬ್ರುವರಿತನಕ ಹೋಗೂದು ಛಲೋ. ಕೋಟೆನೂ ಬಯಲು, ಗಾರ್ಡನ್ನೂ ಬಯಲು, ಏಪ್ರಿಲ್ ಮೇ ಬಿಸಲಾಗ ಹಿರೇರನ್ನ ಕರ್ಕೊಂಡ ಹೋದ್ರ ಪಾಪ ಹತ್ತತೈತಿ. ಮಳಿಗಾಲದಾಗ ಹಸರು ಕಣ್ಣಿಗೆ ತಂಪ ಇರ್ತೈತಿ ಖರೆ, ಆದ್ರ ಹಳೇ ಕಲ್ಲು ಜಾರ್ತಾವು. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ಇರ್ತೈತಿ, ಜನವರಿ 12, 13ರ ಸುಮಾರಿಗೆ ಸಂಗೊಳ್ಳಿ ಉತ್ಸವ, ಆವಾಗ ಕುಸ್ತಿ, ಡೊಳ್ಳು, ಮೆರವಣಿಗಿ ಎಲ್ಲಾ ಭರ್ಜರಿ ನೋಡಾಕ ಸಿಗ್ತೈತಿ, ದೊಡ್ಡ ಹುಡುಗ್ರಿದ್ರ ಆವಾಗನ ಹೋಗ್ರಿ. ಸಣ್ಣವು ಮತ್ತ ಮೊಣಕಾಲ ನೋವಿನವ್ರು ಇದ್ರ ಮಾತ್ರ ಉತ್ಸವದ ದಿನ ಬ್ಯಾಡ, ಗದ್ಲ ಅಂದ್ರ ಗದ್ಲ, ಗಾಡಿ ಭಾಳ ದೂರ ನಿಲ್ಲಿಸಬೇಕಾಗ್ತೈತಿ. ಮ್ಯೂಸಿಯಂಗೋಳು ಸಾಮಾನ್ಯ ಸೋಮವಾರ ಬಂದ್ ಇರ್ತಾವು, ಆ ದಿನಾನೂ ಬಿಡ್ರಿ.

ಮುಂಜಾನೆ ಏಳರ ಒಳಗ ಮನಿ ಬಿಡ್ರಿ. ಬೆಳಗಾವಿಯಿಂದ ಕಿತ್ತೂರು ಸುಮಾರು 50 ಕಿಲೋಮೀಟರ್, ಪುಣೆ ಬೆಂಗಳೂರು ಹೈವೇ ಮ್ಯಾಲೆ, ಒಂದ ತಾಸಿನ ಹಾದಿ. ಹಾದಿಯೊಳಗ ಸುವರ್ಣ ವಿಧಾನಸೌಧ ಕಾಣ್ತೈತಿ, ಹುಡುಗ್ರಿಗೆ ತೋರಸ್ರಿ ಆದ್ರ ಇಳೀಬ್ಯಾಡ್ರಿ. ಹಿರೇಬಾಗೇವಾಡಿಯೊಳಗ ಟೋಲ್, ಫಾಸ್ಟ್ಯಾಗ್‌ನ್ಯಾಗ ರೊಕ್ಕ ಐತಿಲ್ಲೋ ರಾತ್ರೀನ ನೋಡ್ಕೋರಿ. ಮುಂದ ಎಂ.ಕೆ. ಹುಬ್ಬಳ್ಳಿಯೊಳಗ ಮಲಪ್ರಭಾ ದಾಟ್ತೀರಿ, ಬಸವಣ್ಣನವರ ಹೆಂಡತಿ ಗಂಗಾಂಬಿಕೆಯ ಐಕ್ಯಸ್ಥಳ ಅಲ್ಲೇ ನದಿಯೊಳಗ ಐತಿ. ಹಿರೇರು ಕೈ ಮುಗೀಬೇಕು ಅಂದ್ರ ಹತ್ತ ನಿಮಿಷ ನಿಂದರ್ರಿ, ಬ್ಯಾಡ ಅನ್ನಬ್ಯಾಡ್ರಿ, ಅದು ಅವರ ಪಾಲಿನ ಪ್ರವಾಸ.

ಬಸ್ಸಿಗೆ ಹೋಗೋರಿಗೂ ತ್ರಾಸ ಇಲ್ಲ. ಬೆಳಗಾವಿ ಬಸ್ ಸ್ಟ್ಯಾಂಡಿನಿಂದ ಧಾರವಾಡ ಹುಬ್ಬಳ್ಳಿ ಕಡೆ ಬಸ್ ಇದ್ದ ಇರ್ತಾವು, ಹತ್ತೂಕಿಂತ ಮೊದಲ ಕಿತ್ತೂರಿಗೆ ಸ್ಟಾಪ್ ಐತಿಲ್ಲೋ ಕಂಡಕ್ಟರ್‌ನ ಕೇಳ್ರಿ, ಕೆಲವು ಹೈವೇ ಮ್ಯಾಲಿಂದ ಸೀದಾ ಹೋಗಿಬಿಡ್ತಾವು. ಶಕ್ತಿ ಯೋಜನೆಯೊಳಗ ಹೆಣ್ಮಕ್ಕಳಿಗೆ ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ ಫ್ರೀ, ಆಧಾರ್ ಕಾರ್ಡ್ ಮರೀಬ್ಯಾಡ್ರಿ, ಆರ ವರ್ಷದಿಂದ ಹನ್ನೆರಡರತನಕ ಗಂಡ ಹುಡುಗ್ರಿಗೆ ಅರ್ಧಾ ಟಿಕೆಟ್. ಬೈಲಹೊಂಗಲದಿಂದ ಸಂಗೊಳ್ಳಿಗೂ ಬಸ್ ಅದಾವು, ಇಳಿದ ಕೂಡ್ಲೆ ವಾಪಸ್ ಬರೋ ಕಡೀ ಬಸ್ಸಿನ ಟೈಮ್ ಕೇಳಿ ಇಟ್ಕೋರಿ.

ಬುತ್ತಿ

ಹಾದಿ ಮ್ಯಾಲೆ ಹೋಟೆಲ್ ಇಲ್ಲಂತಲ್ಲ, ಆದ್ರ ಒಂದ ಸಲ ಹಿಂಗ ಹೋದಾಗ ಮಧ್ಯಾಹ್ನ ಎರಡೂವರಿತನಕ ಹೋಟೆಲ್ ಹುಡಕಿ, ಸಿಕ್ಕದ್ರೊಳಗ ಅರ್ಧಾ ತಾಸು ಕಾಯ್ದು, ತಣ್ಣಗಾದ ಪೂರಿ ತಿಂದು, ಮಗಳು ಗಾಡಿಯೊಳಗ ವಾಂತಿ ಮಾಡ್ಕೊಂಡ್ಲು, ಅವತ್ತಿನಿಂದ ನಾ ಬುತ್ತಿ ಬಿಟ್ಟ ಹೊಂಡೂದಿಲ್ಲ. ಚಪಾತಿ ಅಥವಾ ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಬದನಿಕಾಯಿ ಎಣಗಾಯಿ ಗಟ್ಟಿಯಾಗಿ ಮಾಡ್ಕೋರಿ, ಇಲ್ಲಾಂದ್ರ ಡಬ್ಬಿಯಿಂದ ಎಣ್ಣಿ ಸೋರತೈತಿ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಸವತಿಕಾಯಿ, ಉಳ್ಳಾಗಡ್ಡಿ. ಮೊಸರನ್ನಕ್ಕ ಒಂದ ಉಪಾಯ ಐತಿ, ಮುಂಜಾನೆ ಅನ್ನಕ್ಕ ಹಾಲು ಹೆಚ್ಚ ಹಾಕಿ ಒಂದ ಚಮಚಾ ಮೊಸರಷ್ಟ ಕಲಸಿ ಒಯ್ರಿ, ಮಧ್ಯಾಹ್ನದ ಹೊತ್ತಿಗೆ ಬರೋಬ್ಬರಿ ಹೆಪ್ಪಾಗಿ ಹುಳಿ ಆಗಲಾರದ ಇರ್ತೈತಿ. ಕುಂದಾ ಕಾಲ್ ಕಿಲೋ ತಗೊಂಡ್ರ ಸಾಕು. ನೀರು ಮಾತ್ರ ತಲಿಗೆ ಎರಡ ಲೀಟರ್ ಹಿಡೀರಿ, ಬಯಲಾಗ ಅಡ್ಡಾಡಿದಾಗ ಗೊತ್ತಾಗ್ತೈತಿ.

ಮತ್ತ ತಗೊಂಡ ಹೋಗೂದು: ಟೋಪಿ, ಛತ್ರಿ, ಕೂಡಾಕ ಒಂದ ಜಮಖಾನಿ, ಕಸಾ ತುಂಬಾಕ ಚೀಲ, ಹಿರೇರ ಗುಳಗಿ. ಮಡಚೋ ಸ್ಟೂಲ್ ಇದ್ರ ತಪ್ಪದ ಹಾಕ್ಕೋರಿ, ನಮ್ಮತ್ತಿಯವರಿಗೆ ಮೊಣಕಾಲ ನೋವು, ಆ ಸ್ಟೂಲ್ ಒಂದಿದ್ದದ್ದಕ್ಕ ಅವರು ಎಲ್ಲಾ ಕಡೆ ನಮ್ಮ ಜೋಡಿ ಬಂದ್ರು, ಇಲ್ಲಾಂದ್ರ ಗಾಡಿಯೊಳಗ ಕುಂತಿರ್ತಿದ್ರು.

ಕಿತ್ತೂರೊಳಗ

ಮೊದಲ ಕೋಟೆ ನೋಡ್ರಿ, ಮ್ಯೂಸಿಯಂ ಆಮೇಲೆ. ಬಿಸಲು ಏರೂಕಿಂತ ಮೊದಲ ಬಯಲಿನ ಕೆಲಸ ಮುಗೀತೈತಿ, ಮ್ಯೂಸಿಯಂ ನೆರಳಿನ್ಯಾಗ ಇರೂದರಿಂದ ಹತ್ತರ ಮ್ಯಾಲೆ ನೋಡಿದ್ರೂ ನಡೀತೈತಿ. ಕೋಟೆ ಕಟ್ಟಿಸಿದಾಂವ ಅಲ್ಲಪ್ಪಗೌಡ ಸರದೇಸಾಯಿ, 1650ರಿಂದ 1681ರ ನಡುವ. ಅರಮನಿ ಈಗ ಪೂರ್ತಿ ಇಲ್ಲ, ಗ್ವಾಡಿ, ಬುನಾದಿ, ಬಾವಿ, ಅಡಗಿಮನಿ, ಬಚ್ಚಲಮನಿ, ನೀರಿನ ಕಾಲುವಿ ಇಷ್ಟ ಉಳದೈತಿ. ಹುಡುಗ್ರು ಮೊದಲಿಗೆ "ಇದೇನ ಬರೇ ಗ್ವಾಡಿ" ಅಂತಾವು. ಅದಕ್ಕ ನಾ ಒಂದ ಆಟಾ ಮಾಡಿದೆ, ಒಂದ ಹಾಳ್ಯಾಗ ಬರದು ಕೊಟ್ಟೆ: ಕಂದಕ ಹುಡುಕ್ರಿ, ಬಾವಿ ಎಣಸ್ರಿ, ಅಡಗಿಮನಿ ಯಾವ್ದು ಹೇಳ್ರಿ, ಧ್ರುವ ನಕ್ಷತ್ರದ ಕಿಂಡಿ ಎಲ್ಲೈತಿ ತೋರಸ್ರಿ. ಮಗಾ ಮಗಳು ಇಬ್ಬರೂ ಓಡಿದ್ರು.

ಆ ಕಿಂಡಿ ಬಗ್ಗೆ ಹೇಳಬೇಕು. ಅರಮನಿ ಗ್ವಾಡಿಯೊಳಗ ಒಂದ ಸಣ್ಣ ತೂತು, ಅದರಾಗಿಂದ ರಾತ್ರಿ ಧ್ರುವ ನಕ್ಷತ್ರ ಕಾಣ್ತೈತಿ. ನನ್ನ ಮಗಳಿಗೆ ಆರ ವರ್ಷ, ಕಿಂಡಿ ಆಕಿ ಎತ್ತರಕ್ಕ ಸಿಗಲಿಲ್ಲ, ನಮ್ಮ ಮನಿಯವರು ಎತ್ತಿ ಹಿಡದ್ರು, ಒಂದ ಕಣ್ಣ ಮುಚ್ಚಿ ಭಾಳ ಹೊತ್ತ ನೋಡಿದ್ಲು. "ಏನ ಕಾಣ್ತೈತವಾ?" ಅಂದ್ರ "ಬರೇ ಆಕಾಶ ಐತಿ ಅಪ್ಪಾ, ನಕ್ಷತ್ರ ರಾತ್ರಿ ಬರ್ತೈತಿ" ಅಂದ್ಲು. ಆಗ ಮಗಗ ಹೇಳಿದೆ, ಧ್ರುವ ನಕ್ಷತ್ರ ಉತ್ತರ ದಿಕ್ಕಿನ್ಯಾಗ ಒಂದ ಕಡೆ ನಿಂತಿರ್ತೈತಿ, ಉಳಿದ ಚುಕ್ಕಿ ತಿರಗತಾವು, ಅದು ಅಲುಗೂದಿಲ್ಲ, ಅದಕ್ಕ ಈ ಕಿಂಡಿಗೆ ಅದು ಯಾವಾಗ್ಲೂ ಸಿಗ್ತೈತಿ, ಬ್ಯಾರೆ ಯಾವ ಚುಕ್ಕಿಗೂ ಹಿಂಗ ಕಿಂಡಿ ಇಡಾಕ ಬರೂದಿಲ್ಲ. ಅಂವಾ ಫೋನಿನ ದಿಕ್ಸೂಚಿ ತಗದು ಉತ್ತರ ಹೌದಿಲ್ಲೋ ಹಚ್ಚಿ ನೋಡಿದ. ಸಾಲಿಯೊಳಗ ಒಂದ ವಾರ ಹೇಳಿದ್ರೂ ತಲಿಗೆ ಹೋಗಲಾರದ್ದು ಅಲ್ಲಿ ಐದ ನಿಮಿಷದಾಗ ಹೋತು.

ಅಡಗಿಮನಿ ಕಡೆ ನಮ್ಮತ್ತಿಯವರು ಸ್ಟೂಲ್ ಹಾಕ್ಕೊಂಡ ಕುಂತು ಕಲ್ಲು ಮುಟ್ಟಿ ನೋಡಿದ್ರು. "ಎಷ್ಟ ಮಂದಿಗೆ ರೊಟ್ಟಿ ಬಡದಿರಬೇಕವಾ ಇಲ್ಲೆ" ಅಂದ್ರು. ಯುದ್ಧದ ಕಥಿಯೊಳಗ ನಾವು ಯಾರೂ ನೆನಸಲಾರದ ಮಂದಿ ಅವರು.

ಮ್ಯೂಸಿಯಂನ್ಯಾಗ ಕತ್ತಿ, ಉಕ್ಕಿನ ಅಂಗಿ, ಅರಮನಿಯ ಕೆತ್ತನಿ ಕಟಗಿ ಬಾಗಲಾ, ಹಳೇ ಮೂರ್ತಿ ಅದಾವು. ಮುಕ್ಕಾಲ ತಾಸು ಸಾಕು. ಹೊಂಡೂಕಿಂತ ಮೊದಲ ಎಲ್ಲಾರೂ ಟಾಯ್ಲೆಟ್‌ಗೆ ಹೋಗಿ ಬರ್ರಿ, ಮುಂದ ಒಳರಸ್ತಾ ಶುರು ಆಗ್ತೈತಿ, ಹೆಣ್ಮಕ್ಕಳಿಗೆ ಮತ್ತ ಹಿರೇರಿಗೆ ತ್ರಾಸ ಆಗ್ತೈತಿ.

ಬೈಲಹೊಂಗಲ

ಕಿತ್ತೂರಿಂದ ಹೈವೇ ಬಿಟ್ಟು ಬೈಲಹೊಂಗಲದ ಹಾದಿ ಹಿಡೀರಿ. ಎರಡೂ ಕಡೆ ಕರೀ ಭೂಮಿ, ಕಬ್ಬು, ಗೋಧಿ, ಕಡ್ಲಿ, ಚಳಿಗಾಲದಾಗ ಹೋದ್ರ ಸುಲಗಾಯಿ ಸಿಗ್ತಾವು, ಹೊಲದವರನ್ನ ಕೇಳಿ ತಗೋರಿ. ಇದ ಹಾದಿಯೊಳಗ ಮಗಗ ಹೇಳಿದೆ, ರಾಣೀನ ಸೆರಿ ಹಿಡದು ಕಿತ್ತೂರಿಂದ ಬೈಲಹೊಂಗಲಕ್ಕನ ಒಯ್ದ್ರು, ಈಗ ನಾವು ಹೊಂಟದ್ದೂ ಅಲ್ಲಿಗೆ ಅಂತ. ಕಿಟಕಿ ಹೊರಗ ನೋಡ್ಕೋತ ಸುಮ್ಮನ ಕುಂತ.

ಊರೊಳಗ ಚನ್ನಮ್ಮನ ಸಮಾಧಿ ಐತಿ. ಇಲ್ಲಿ ನೋಡಾಕ ಭಾಳ ಏನಿಲ್ಲ, ಆದ್ರ ಇದನ್ನ ಬಿಟ್ಟ ಮುಂದ ಹೋಗಬ್ಯಾಡ್ರಿ, ಚಪ್ಪಲಿ ಬಿಟ್ಟು ಒಂದ ಹೂವಿನ ಮಾಲಿ ಇಟ್ಟು ಸ್ವಲ್ಪ ಹೊತ್ತ ನಿಂದರ್ರಿ. ಕತ್ತಿ ಹಿಡದ ಚನ್ನಮ್ಮನ್ನ ದಿನಾ ನೋಡೋ ಹುಡುಗ್ರು ಇಲ್ಲಿ ಬ್ಯಾರೆ ಚನ್ನಮ್ಮನ್ನ ನೋಡ್ತಾರ, ನಾಲ್ಕ ವರ್ಷದ ಮ್ಯಾಲೆ ಸೆರಿಯೊಳಗ ಕುಂತು ಅಲ್ಲೇ ತೀರಿಕೊಂಡಾಕಿ. ಆಮೇಲೆ ಎಲ್ಲೆರ ಗಿಡದ ನೆರಳು ನೋಡಿ ಬುತ್ತಿ ಬಿಚ್ಚ್ರಿ. ಊಟ ಆದಮ್ಯಾಲೆ ಹಿರೇರಿಗೆ ಅಡ್ಡಾಗಾಕ ಬಿಡ್ರಿ, ಗಡಬಡಿ ಬ್ಯಾಡ, ಮಟಮಟ ಮಧ್ಯಾಹ್ನದಾಗ ಗಾರ್ಡನ್‌ಗೆ ಹೋಗಿ ಮಾಡೂದೇನೂ ಇಲ್ಲ, ಸಿಮೆಂಟಿನ ಮೂರ್ತಿ ಕಾದು ಕೆಂಡ ಆಗಿರ್ತಾವು.

ಸಂಗೊಳ್ಳಿ ರಾಕ್ ಗಾರ್ಡನ್

ಮೂರು ಮೂರೂವರಿಗೆ ಗೇಟಿಗೆ ಹೋಗ್ರಿ. ಟಿಕೆಟ್ ತಗಿಸುವಾಗ ಮೂರ ಮಾತು ಕೇಳ್ಕೋರಿ: ಎಷ್ಟಕ್ಕ ಬಂದ್ ಆಗ್ತೈತಿ, ಫೋಟೋ ವಿಡಿಯೋ ಎಲ್ಲೆಲ್ಲಿ ತಗಿಬಹುದು, ಸಾಲಿ ಟ್ರಿಪ್ ಯಾವ್ದರ ಒಳಗ ಐತೇನು. ಸಾಲಿ ಹುಡುಗ್ರ ದಂಡು ಇದ್ರ ಒಂದ ಇಪ್ಪತ್ತ ನಿಮಿಷ ತಡದು ಅವರ ಹಿಂದ ಹೋಗ್ರಿ.

ಒಳಗ ರಾತ್ರಿ ನಿಲ್ಲಿಸಿದ ಕಥಿ ಶುರು ಮಾಡ್ರಿ, ಆದ್ರ ಈ ಸಲ ನೀವು ಹೇಳಬ್ಯಾಡ್ರಿ, ಹುಡುಗ್ರ ಕಡೆಯಿಂದ ಹೇಳಸ್ರಿ. ಒಂದೊಂದ ಸೀನ್ ಮುಂದ ನಿಂತು "ಇಲ್ಲೇನ ನಡದೈತಿ?" ಅಂತ ಕೇಳ್ರಿ. ಹಳ್ಳಿ ಜೀವನ ಐತಿ, ಗರಡಿ ಐತಿ, ದರ್ಬಾರು ಐತಿ, ಯುದ್ಧ ಐತಿ. ನನ್ನ ಮಗಾ ಯುದ್ಧದ ಸೀನ್ ಮುಂದ ನಿಂತು, ಕುದರಿ ಮ್ಯಾಲಿನ ಸಾಹೇಬನ್ನ ತೋರಿಸಿ "ಇಂವಾ ಥ್ಯಾಕರೆ, ನಾವು ಮುಂಜಾನೆ ನಿಂತಿದ್ದಿವೆಲ್ಲಾ ಅದ ಬಾಗಲಾ ಇದು" ಅಂತ ತಂಗಿಗೆ ಹೇಳಾಕತ್ತಿದ್ದ. ಕಿತ್ತೂರು ಮೊದಲ ಅಂತ ನಾ ಹಟಾ ಹಿಡದದ್ದು ಈ ಒಂದ ಮಾತಿಗೆ.

ರಾಯಣ್ಣ ಶೇತಸನದಿ ಇದ್ದಾಂವ ಅನ್ನೂದನ್ನ ಹುಡುಗ್ರಿಗೆ ಬಿಡಿಸಿ ಹೇಳ್ರಿ. ಅಂದ್ರ ಸಂಸ್ಥಾನಕ್ಕ ಕಾವಲು ಮಾಡೋ ಸೈನಿಕ, ಅದಕ್ಕ ಬದಲಿ ಇನಾಮ ಭೂಮಿ ಕೊಟ್ಟಿರ್ತಿದ್ರು. ಕಂಪನಿಯವರು ಬಂದಮ್ಯಾಲೆ ಆ ಭೂಮಿಗೆ ಕೈ ಹಾಕಿದ್ರು. ರಾಣಿಯ ಮ್ಯಾಲಿನ ನಿಷ್ಠೆ ಒಂದು, ಭೂಮಿ ಹೋದ ಸಿಟ್ಟು ಒಂದು, ಎರಡೂ ಕೂಡಿ ಊರೂರ ಮಂದಿ ಅವನ ಹಿಂದ ನಿಂತ್ರು. 1829, 30ರ ಸುಮಾರಿಗೆ ಕಾಡಿನ್ಯಾಗ ಇದ್ದು ರಾತ್ರಿ ಬಂದು ಬೀಡಿಯಂಥಾ ಊರಿನ ಸರ್ಕಾರಿ ಕಚೇರಿ ಸುಟ್ಟ್ರು. ಶಿವಲಿಂಗಪ್ಪನ್ನ ಗಾದಿ ಮ್ಯಾಲೆ ಕೂಡಿಸಬೇಕು ಅನ್ನೂದು ಅವರ ಬೇಡಿಕಿ. ರೈತರ ಮನ್ಯಾಗ ಹುಟ್ಟಿದ ಹುಡುಗ್ರಿಗೆ ಭೂಮಿ ಮಾತು ಲಗೂನ ತಿಳೀತೈತಿ.

ಈಗ ಗಲ್ಲಿನ ಸೀನ್. ಇದಕ್ಕ ತಯಾರಾಗಿ ಹೋಗ್ರಿ. ಸಣ್ಣ ಹುಡುಗ್ರು ಇದ್ರ ಸೀದಾ ಅದರ ಮುಂದ ಒಯ್ದು ನಿಲ್ಲಿಸಬ್ಯಾಡ್ರಿ, ಸ್ವಲ್ಪ ಹಿಂದನ ನಿಂತು ಮೊದಲ ಹೇಳ್ರಿ, ಮುಂದ ದುಃಖದ ಸೀನ್ ಐತಿ, ನೋಡಬೇಕಂದ್ರ ನೋಡು ಇಲ್ಲಾಂದ್ರ ಆಯಿ ಜೋಡಿ ಇಲ್ಲೇ ಕೂಡು ಅಂತ. ನಾ ಹೇಳಿದ್ದೆ, ಆದ್ರೂ ಮಗಳು ನನ್ನ ಬೆರಳು ಗಟ್ಟಿ ಹಿಡ್ಕೊಂಡ ಬಂದ್ಲು, "ಅವ್ವಾ, ಅವಂಗ ಅಂಜಿಕಿ ಆಗಲಿಲ್ಲಾ?" ಅಂತ ಕೇಳಿದ್ಲು. ನಾ ಏನ ಹೇಳಬೇಕು ಅನ್ನೂದರಾಗ ನಮ್ಮತ್ತಿಯವರು ಆಕೀನ ತೊಡಿ ಮ್ಯಾಲೆ ಕೂಡಿಸ್ಕೊಂಡು, "ಆಗಿರಬೇಕವಾ, ಆದ್ರ ತನ್ನ ಮಂದಿ ನೋಡಾಕತ್ತಾರಂತ ಧೈರ್ಯಾ ತಗೊಂಡ" ಅಂದ್ರು. ಹುಡುಗಿ ತಲಿ ಹಾಕಿದ್ಲು. ದೊಡ್ಡವಂಗ ತಾರೀಖು ಹೇಳ್ರಿ, 1831ರ ಜನವರಿ 26. ಹುಟ್ಟಿದ್ದು ಆಗಸ್ಟ್ 15 ಅಂತ ಹೇಳ್ತಾರ. ಎರಡೂ ಯಾವ ದಿನ ಅಂತ ನೀವು ಹೇಳೂದ ಬ್ಯಾಡ, ಒಂದ ನಿಮಿಷ ಬಿಡ್ರಿ, ಅವಂಗ ಹೊಳೀತೈತಿ, ಹೊಳದಾಗ ಆ ಮುಖ ನೋಡ್ರಿ.

ಮೂರ್ತಿ ಮ್ಯಾಲೆ ಹುಡುಗ್ರನ್ನ ಹತ್ತಿಸಿ ಫೋಟೋ ತಗಿಬ್ಯಾಡ್ರಿ. ಬೆರಳು, ಕತ್ತಿ ತುದಿ, ಎತ್ತಿನ ಕೋಡು, ಇವ ಮೊದಲ ಮುರಿಯೂದು, ಒಂದ ಸಲ ಮುರದ್ರ ಮುಂದ ಬರೋ ಹುಡುಗ್ರಿಗೆ ಬರೇ ಕಬ್ಬಿಣದ ಸರಳು ಕಾಣ್ತೈತಿ. ಇದನ್ನ ಕಂಡ್ರ ನನಗ ಹೊಟ್ಟಿ ಉರೀತೈತಿ. ಗ್ರೂಪ್ ಫೋಟೋ ಆರಾಮ ಬಾಜೂಕ ನಿಂತು ತಗೀರಿ, ಇಳಿಬಿಸಲಿಗೆ ಐದರ ಸುಮಾರಿಗೆ ಛಲೋ ಬರ್ತಾವು.

ಏನೇನ ಸೇರಿಸಬಾರದು

ಬೈಲಹೊಂಗಲ ತಾಲೂಕಿನ್ಯಾಗನ ಬೆಳವಡಿ ಐತಿ, ಹೆಣ್ಮಕ್ಕಳ ಪಡೆ ಕಟ್ಟಿ ಶಿವಾಜಿ ಸೈನ್ಯಾ ಎದುರಿಸಿದ ಮಲ್ಲಮ್ಮನ ಊರು. ಸೊಗಲದ ಸೋಮೇಶ್ವರ ಗುಡಿ, ಅಲ್ಲಿ ಬೀಳೋ ನೀರು, ಅದೂ ಆ ಕಡೇನ. ಎಲ್ಲಾ ಸಮೀಪ ಐತಿ ಅಂತ ಒಂದ ದಿನದಾಗ ತುರುಕಿದ್ರ ಸಂಜೀಕ ಯಾರಿಗೂ ಏನೂ ನೆನಪಿರೂದಿಲ್ಲ. ಹುಬ್ಬಳ್ಳಿ ದಾಟಿ ಶಿಗ್ಗಾವಿ ಹತ್ರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನೂ ಐತಿ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ್ದು, ನಮ್ಮ ಉತ್ತರ ಕರ್ನಾಟಕದ ಹಳ್ಳಿ, ಸಂತಿ, ವಾಡೆ, ಕಸಬು ಎಲ್ಲಾ ಮೂರ್ತಿಯೊಳಗ. ಸಣ್ಣ ಹುಡುಗ್ರಿಗೆ ಅಲ್ಲಿ ಮಜಾ ಹೆಚ್ಚ, ಆದ್ರ ಅದಕ್ಕ ಬ್ಯಾರೆ ಒಂದ ದಿನಾನ ಬೇಕು, ಇದರ ಜೋಡಿ ಹಚ್ಚಬ್ಯಾಡ್ರಿ.

ನಂದಗಡಾನೂ ಅವತ್ತ ಬ್ಯಾಡ. ರಾಯಣ್ಣನ್ನ ಗಲ್ಲಿಗೇರಿಸಿದ್ದು, ಅವನ ಸಮಾಧಿ ಇರೂದು ಅಲ್ಲೇ, ಆದ್ರ ಅದು ಖಾನಾಪುರ ತಾಲೂಕು, ಹಾದಿ ಪೂರ್ತಿ ಬ್ಯಾರೆ ದಿಕ್ಕು. ಬೆಳಗಾವಿಯಿಂದ ಖಾನಾಪುರ ಮ್ಯಾಲೆ ಹೋಗಿ ಅರ್ಧಾ ದಿನದಾಗ ಬರಬಹುದು. ಸಮಾಧಿ ಮ್ಯಾಲೆ ಆಲದ ಮರ ಐತಿ, ಮಕ್ಕಳಾಗಲಿ ಅಂತ ಮಂದಿ ಹರಕಿ ತೊಟ್ಟಿಲಾ ಕಟ್ಟ್ತಾರ ಅದಕ್ಕ.

ನಾವು ಸಂಗೊಳ್ಳಿಯಿಂದ ಐದೂವರಿಗೆ ಹೊಂಟು ರಾತ್ರಿ ಎಂಟರ ಒಳಗ ಮನಿ ಮುಟ್ಟಿದ್ವಿ. ಚನ್ನಮ್ಮ ಸರ್ಕಲ್ ಸಿಗ್ನಲ್ಲಿಗೆ ಗಾಡಿ ನಿಂತಾಗ ಮಗಳು ನಮ್ಮತ್ತಿಯವರ ತೊಡಿ ಮ್ಯಾಲೆ ಮಲಗಿದ್ಲು. ಮಗಾ ಕಿಟಕಿ ಕಾಜು ಇಳಿಸಿ ಮ್ಯಾಲೆ ನೋಡಿದ. "ಅವ್ವಾ, ನಂದಗಡಕ್ಕ ಯಾವಾಗ?" ಅಂದ. ಜನವರಿಯೊಳಗ, ಮತ್ತ ಬುತ್ತಿ ಕಟ್ಟ್ಕೊಂಡು.